ಎರಡನೇ ಗ್ರೀನಿನ ಇಬ್ಬನಿ

ನಮ್ಮ ಕ್ಲಬ್ಬಿನ ಗಾಲ್ಫ್ ಮೈದಾನವನ್ನು ಈಗ ನೋಡಿಕೊಳ್ಳುವ ಇಬ್ಬರು ತರುಣರು ಮೊನ್ನೆ ಮಲ್ಲಂದೂರಿನ ನನ್ನ ಮನೆಗೆ ಬಂದಿದ್ದರು. ಹುಲ್ಲಿನ ಬಗ್ಗೆಯೇ ಎರಡು ವರ್ಷ ಓದಿ ಸರ್ಟಿಫಿಕೇಟು ಪಡೆದವರು. ಮಣ್ಣನ್ನು ಪೊಟ್ಟಣ ಕಟ್ಟಿ ಪರೀಕ್ಷೆಗೆ ಕಳಿಸುತ್ತಾರಂತೆ. ನಾವು ಬೆರಳಲ್ಲಿ ಉಜ್ಜಿ, ಮೂಸಿ ನೋಡುತ್ತಿದ್ದೆವು ಎಂದಾಗ ನಕ್ಕರು. ನಗಲಿ ಬಿಡಿ, ಅವರ ಗ್ರೀನು ನನ್ನದಕ್ಕಿಂತ ಚೆನ್ನಾಗಿದೆ. ಹೊಸದಾಗಿ ಸೇರುವವರಿಗೆ ಓದಲು ಕೊಡುತ್ತೇವೆ, ನಿಮ್ಮ ಅನುಭವ ಬರೆದುಕೊಡಿ ಎಂದು ಕೇಳಿದರು.

ಮಾಲಿಯಾಗಿ ಸೇರಿದ ನಾನು ಯಾವಾಗ ಹೆಡ್ ಮಾಲಿಯಾದೆ, ಯಾವ ಸೆಕ್ರೆಟರಿ ನನಗೆ ಗಡಿಯಾರ ಕೊಟ್ಟರು ಎಂಬುದನ್ನೆಲ್ಲ ಬರೆಯುವುದಿಲ್ಲ. ಆ ಗಡಿಯಾರ ನಿಂತುಹೋಗಿ ಬಹಳ ಕಾಲವಾಯಿತು. ಹುಲ್ಲು ಕತ್ತರಿಸುವುದನ್ನು ಯಾರಾದರೂ ಕಲಿಸಿಕೊಡುತ್ತಾರೆ. ನಾನು ಬರೆಯಬೇಕಾದದ್ದು ನನ್ನ ಕೈ ಮಾಡಿದ ಒಂದು ತಪ್ಪಿನ ಬಗ್ಗೆ. ಅದರಿಂದ ನಷ್ಟವಾದದ್ದು ನನಗಲ್ಲ, ಬೇರೊಬ್ಬರಿಗೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ದೂರದಿಂದ ಹೊಡೆಯುತ್ತಾ ಬಂದ ಚೆಂಡನ್ನು ಕೊನೆಗೆ ಒಂದು ಪುಟ್ಟ ಗುಳಿಗೆ ಉರುಳಿಸಬೇಕು. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದಂತೆ. ಗುಳಿಯ ಸುತ್ತಲಿನ ನುಣುಪು ಜಾಗಕ್ಕೆ ಗ್ರೀನ್ ಎನ್ನುತ್ತಾರೆ. ನಮ್ಮದು ಕಾಫಿ ತೋಟಗಳ ನಡುವಿನ ಒಂಬತ್ತು ಗುಳಿಗಳ ಮೈದಾನ. ಎರಡು ಸುತ್ತು ಹಾಕಿದರೆ ಹದಿನೆಂಟಾಗುತ್ತದೆ.

ನಾನು ಸೇರಿದಾಗ ಗ್ರೀನು ಹೆಸರಿಗಷ್ಟೇ ಹಸಿರು. ಹೊಳೆಮರಳಿಗೆ ಲಾರಿಯ ಸುಟ್ಟ ಆಯಿಲ್ ಕಲಸಿ, ಹರಡಿ, ರೋಲರ್ ಎಳೆದು ಕಪ್ಪಗೆ ಮಾಡಿದ ಅಂಗಳ ಅದು. ಕಾಲಿಟ್ಟಲ್ಲೆಲ್ಲ ಹೆಜ್ಜೆ ಮೂಡುತ್ತಿತ್ತು. ಹಾಗಾಗಿ ಮೆಂಬರುಗಳು ಗ್ರೀನಿಗೆ ಬಂದ ಕೂಡಲೇ ಮಾಲಿ ನಾರಿನ ಚಾಪೆ ಹಿಡಿದು ಓಡಿಬಂದು, ಚೆಂಡಿನಿಂದ ಗುಳಿಯವರೆಗೆ ಒಮ್ಮೆ ಎಳೆದು ದಾರಿ ಸಪಾಟು ಮಾಡಿಕೊಡಬೇಕು. ಅವರು ಹೇಳುತ್ತಿರಲಿಲ್ಲ, ನಾವು ಹೇಳಿಸಿಕೊಳ್ಳುತ್ತಲೂ ಇರಲಿಲ್ಲ. ಎಸ್ಟೇಟ್ ದೊರೆಗಳಿಗೆ ಬಾಗಿಲು ತೆರೆದು ನಿಲ್ಲುವ ಹಾಗೆ ಅದೂ ಒಂದು ಮರ್ಯಾದೆ.

ಆಮೇಲೆ ಹುಲ್ಲಿನ ಗ್ರೀನು ಬಂತು. ಸಂಸೆಯಿಂದ ಬಂದು ನನ್ನ ಜೊತೆ ಕೆಲಸಕ್ಕಿದ್ದ ಪದ್ಮಯ್ಯ ಮತ್ತು ನಾನು ಒಂಬತ್ತೂ ಗ್ರೀನಿನ ಎಣ್ಣೆಮರಳನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದೆವು. ಪದ್ಮಯ್ಯನ ಬೆನ್ನಿನ ಕಪ್ಪು ಹೋಗಲು ಒಂದು ಮಳೆಗಾಲವೇ ಬೇಕಾಯಿತು. ಇನ್ನು ಚಾಪೆಯ ಕಾಟ ತಪ್ಪಿತು ಎಂದುಕೊಂಡೆವು. ಆದರೆ ನಮ್ಮ ಕಡೆಯ ಚಳಿಗಾಲದ ಇಬ್ಬನಿ ಕೇಳಬೇಕೆ? ಬೆಳಗಿನ ಗ್ರೀನು ನೀರು ಹಾಕಿ ಬಿಟ್ಟ ಹಾಗಿರುತ್ತದೆ. ಚೆಂಡು ನೀರು ಚಿಮ್ಮಿಸುತ್ತಾ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಅದಕ್ಕೆ ಉದ್ದನೆಯ, ತುದಿ ಬಳುಕುವ ಬಿದಿರಿನ ಗಳ ಹಿಡಿದು ಹುಲ್ಲಿನ ಮೇಲೆ ಆಡಿಸಿ ಇಬ್ಬನಿ ಉದುರಿಸಬೇಕು. ಚಾಪೆ ಹೋಗಿ ಗಳ ಬಂತು. ಮೆಂಬರುಗಳು ಗ್ರೀನಿಗೆ ಬಂದರೆ ಗಳದವನು ಮುಂದೆ ಬಂದು ಅವರ ದಾರಿಯನ್ನು ಒರೆಸಿ ಹಿಂದೆ ಸರಿಯುವುದೂ ಹಾಗೇ ಮುಂದುವರಿಯಿತು. ಯಾರೂ ಅದನ್ನು ತಪ್ಪೆನ್ನಲಿಲ್ಲ. ಇದೇನು ಪದ್ಧತಿ ಎಂದು ನನಗೂ ಒಂದು ದಿನ ಅನಿಸಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಆಗ ಕ್ಲಬ್ಬಿನ ಸೆಕ್ರೆಟರಿ ತಿಮ್ಮೇಗೌಡರು. ದೊಡ್ಡ ಪ್ಲಾಂಟರು, ಕೂಗಿದರೆ ಒಂಬತ್ತನೇ ಗ್ರೀನಿಗೂ ಕೇಳಿಸುವ ಗಂಟಲು. ಒಂದು ದಿನ ಮಿಷನ್ ಶೆಡ್ಡಿಗೇ ಬಂದರು.

"ಲಕ್ಷ್ಮಣ, ಬರೋ ವರ್ಷದಿಂದ ನಮ್ಮಲ್ಲಿ ಪ್ರೊಫೆಷನಲ್ ಟೂರ್ನಮೆಂಟ್ ಕಣೋ. ಮೂರು ದಿನದ್ದು. ಒಂದು ಕಂಪನಿ ನಡೆಸ್ತದೆ. ಐವತ್ತು ದಾಟಿದೋರಿಗೆ ಮಾತ್ರ."

"ಐವತ್ತು ದಾಟಿದ್ಮೇಲೂ ಆಡ್ತಾರಾ ಸಾರ್?"

"ನಾನು ಆಡಲ್ವೇನೋ?"

ಗೌಡರ ಆಟ ಬಲ್ಲ ಪದ್ಮಯ್ಯ ಕೆಮ್ಮುತ್ತಾ ಶೆಡ್ಡಿನ ಹಿಂದಕ್ಕೆ ಹೋದ.

ನಮ್ಮವರು ಅದಕ್ಕೆ ಅಜ್ಜಂದಿರ ಆಟ ಎಂದು ಹೆಸರಿಟ್ಟರು. ಬಂದವರನ್ನು ನೋಡಿದ ಮೇಲೆ ಆ ತಮಾಷೆ ನಿಂತಿತು. ಗಾಲ್ಫ್ ಎಂದರೆ ಶ್ರೀಮಂತರದ್ದು ಎಂದು ನಾವು ತಿಳಿದಿದ್ದೆವು. ಆದರೆ ಅವರಲ್ಲಿ ಹೆಚ್ಚಿನವರು ಹಳೆಯ ಕ್ಯಾಡಿಗಳು. ಸಾಹೇಬರುಗಳ ಚೀಲ ಹೊತ್ತು, ಚೆಂಡು ಹುಡುಕಿಕೊಟ್ಟು, ಮುರಿದ ಕೋಲಿನಲ್ಲಿ ಆಟ ಕಲಿತು ವೃತ್ತಿಪರರಾದವರು. ಮಂಡಿ ಸವೆದಿತ್ತು, ಕಣ್ಣು ಮಂಜಾಗಿತ್ತು. ಎಳೆಯರ ಟೂರ್ನಮೆಂಟುಗಳಲ್ಲಿ ಜಾಗವಿಲ್ಲ. ದುಡಿಮೆಯ ಕೊನೆಯಲ್ಲಿ ಹೀಗೊಂದು ಆಟ ಸಿಕ್ಕಿತಲ್ಲ ಎಂದು ಕಲ್ಕತ್ತೆಯಿಂದ, ದೆಹಲಿಯಿಂದ ರೈಲು ಹತ್ತಿ ಬಂದಿದ್ದರು.

ಅವರಲ್ಲೊಬ್ಬರು ಬೆಂಗಳೂರಿನ ಆಂಜನಪ್ಪ. ಮೊದಲ ವರ್ಷ ಅಭ್ಯಾಸದ ದಿನ ಬೆಳಿಗ್ಗೆ ನಾನು ಗ್ರೀನಿಗೆ ಹೋದಾಗ ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹುಲ್ಲಿನ ಮೇಲೆ ನಿಧಾನಕ್ಕೆ ಓಡಾಡುತ್ತಿದ್ದರು. ಸಣ್ಣ ಆಳು, ಕಪ್ಪು ಬಣ್ಣ, ತಲೆ ಪೂರ್ತಿ ನರೆತಿತ್ತು. ಯಾರೋ ದಾರಿ ತಪ್ಪಿ ಬಂದವರೆಂದು ತಿಳಿದು ನಾನು ಗದರಿದೆ.

"ಯಾರ್ರೀ ಅದು? ಹೊರಗೆ ಬನ್ನಿ."

ಅವರು ಗಾಬರಿಯಾಗಿ ಹೊರಗೆ ಬಂದೇಬಿಟ್ಟರು. "ಆಡೋನು ಸಾರ್. ಇಳಿಜಾರು ಎಲ್ಲೈತೆ ಅಂತ ಕಾಲಿಗೆ ಗೊತ್ತಾಗ್ತದೆ, ಕಣ್ಣಿಗಿಂತ ಚೆನ್ನಾಗಿ." ಆಮೇಲೆ ಗ್ರೀನಿನ ಮೂಲೆ ತೋರಿಸಿ, "ಇಲ್ಲಿ ನೀರು ಇಂಗ್ತಿಲ್ಲ, ಬೇರು ಕೊಳೀತಾ ಐತೆ, ನೋಡ್ಕೊಳ್ಳಿ" ಎಂದರು. ಅಗೆದು ನೋಡಿದರೆ ಅವರು ಹೇಳಿದ್ದು ನಿಜ. ನನಗೆ ಸಾರ್ ಎಂದ ಆಟಗಾರರನ್ನು ನಾನು ಅದುವರೆಗೆ ನೋಡಿರಲಿಲ್ಲ. ಗದರಿದ್ದಕ್ಕೆ ನಾಚಿಕೆಯಾಯಿತು.

ಆ ವರ್ಷ ನನ್ನಿಂದ ಇನ್ನೊಂದು ಎಡವಟ್ಟೂ ಆಯಿತು. ಬಂಕರ್ ಎಂದರೆ ಆಟಗಾರರಿಗೆ ಅಡ್ಡಿಯಾಗಲೆಂದೇ ಮಾಡಿದ ಮರಳಿನ ಹಳ್ಳ. ಅದಕ್ಕೆ ಹೇಮಾವತಿ ಹೊಳೆಯ ಮರಳು ತರಿಸಿ, ಜರಡಿ ಹಿಡಿಸದೆ ಹಾಗೇ ಸುರಿಸಿದ್ದೆ. ಮನೆ ಕಟ್ಟುವ ಮರಳಲ್ಲಿ ಕಲ್ಲಿದ್ದರೆ ಏನಾಗುತ್ತದೆ? ಇಲ್ಲಿ ಹಾಗಲ್ಲ. ದೆಹಲಿಯವರೊಬ್ಬರ ಕೋಲಿನ ಮುಖಕ್ಕೆ ಕಲ್ಲು ಬಡಿದು ಗೀರು ಬಿತ್ತು. ಅವರು ಅದನ್ನು ಗೌಡರಿಗೆ ತೋರಿಸಿದರು, ಗೌಡರು ನನ್ನನ್ನು ಎಲ್ಲರ ಮುಂದೆ ಬೈದರು. ಮಧ್ಯಾಹ್ನ ನಾನೂ ಪದ್ಮಯ್ಯನೂ ಜರಡಿ ಹಿಡಿದು ಕೂತಾಗ ಆಟ ಮುಗಿಸಿದ ಆಂಜನಪ್ಪನವರು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಲ್ಲು ಆರಿಸತೊಡಗಿದರು. ಬೇಡವೆಂದರೂ ಕೇಳಲಿಲ್ಲ.

ಕಾಫಿ ಬೇಕಾದಾಗ ಅವರು ಕ್ಲಬ್ಬಿನ ಹಿಂಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಆಟಗಾರರಿಗೆಲ್ಲ ಒಳಗೆ ಹಾಲ್‌ನಲ್ಲಿ ಮೇಜು ಹಾಕಿದ್ದರು. ನೀವು ಮುಂದಿನಿಂದ ಹೋಗಿ ಎಂದು ನಾನು ಹೇಳಿದರೆ, "ಕಾಲು ಈ ಕಡೇಗೇ ತಿರುಗ್ತವೆ, ಏನ್ ಮಾಡ್ಲಿ" ಎನ್ನುತ್ತಿದ್ದರು. ಕೊನೆಗೆ ನಮ್ಮ ಶೆಡ್ಡಿನಲ್ಲೇ ಬೆಲ್ಲದ ಕಾಫಿ ಕುಡಿಯುವುದು ರೂಢಿಯಾಯಿತು.

ಎರಡನೇ ವರ್ಷ ಆಟ ಇನ್ನೆರಡು ದಿನವಿದೆ ಎನ್ನುವಾಗ ಬೆಳಿಗ್ಗೆ ಪದ್ಮಯ್ಯ ಓಡಿಬಂದ. "ಲಕ್ಷ್ಮಣಣ್ಣ, ಆರನೇದು ಹೋಯ್ತು ಮಾರಾಯ್ರೆ. ಹಂದಿ ಉತ್ತು ಹಾಕಿದಾವೆ." ಹೋಗಿ ನೋಡಿದರೆ ಗದ್ದೆ ನಾಟಿಗೆ ತಯಾರಾದ ಹಾಗಿತ್ತು. ನನಗೆ ಅಳು ಬರುವುದೊಂದು ಬಾಕಿ. ಶೆಡ್ಡಿನ ಹಿಂದೆ ನಾನು ಬೆಳೆಸಿಕೊಂಡಿದ್ದ ಹುಲ್ಲಿನ ಮಡಿಯನ್ನು ಅಂಗೈಯಗಲ ತುಂಡು ಮಾಡಿ, ಹೊತ್ತು ತಂದು, ಒಂದಕ್ಕೊಂದು ಕೂಡಿಸಿ, ಹಲಗೆ ಇಟ್ಟು ತುಳಿದೆವು. ಎರಡು ದಿನ ಊಟವನ್ನೂ ಅಲ್ಲೇ ಮಾಡಿದೆವು. ಹೊಸದಾಗಿ ಸೇರುವವರಿಗೆ ಒಂದು ಮಾತು: ಹುಲ್ಲಿನ ಮಡಿಯೊಂದನ್ನು ಯಾವಾಗಲೂ ಬೇರೆ ಬೆಳೆಸಿಟ್ಟುಕೊಳ್ಳಿ. ಹಂದಿ ಹೇಳಿ ಬರುವುದಿಲ್ಲ.

ಆ ವರ್ಷ ಆಂಜನಪ್ಪನವರು ಒಂದೇ ಒಂದು ಹೊಡೆತದ ಅಂತರದಲ್ಲಿ ಎರಡನೆಯವರಾದರು. ಕೊನೆಯ ಗುಳಿಯಲ್ಲಿ ಮೂರಡಿಯಿಂದ ಉರುಳಿಸಬೇಕಿದ್ದ ಚೆಂಡು ಅಂಚು ಸವರಿಕೊಂಡು ಆಚೆ ಹೋಯಿತು. ಸಂಜೆ ಶೆಡ್ಡಿನಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದರು.

"ಎಷ್ಟನೇ ಸಲ ಎರಡನೇದು?" ಎಂದು ಪದ್ಮಯ್ಯ ಕೇಳಿಬಿಟ್ಟ. ಅವನ ಬಾಯಿಗೆ ಬೀಗವಿಲ್ಲ.

"ಏಳನೇದು. ಮೂವತ್ತು ವರ್ಷ ಆಯ್ತು ಆಡೋಕೆ ಶುರು ಮಾಡಿ. ಒಂದೂ ಗೆದ್ದಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಒಳಗೆ ಹಾಲ್‌ನಾಗೆ ಬೋರ್ಡ್ ಐತಲ್ಲ, ಗೆದ್ದೋರ ಹೆಸರು ಬರೆಯೋದು? ಯಾವ್ದಾದ್ರೂ ಒಂದು ಕ್ಲಬ್ಬಿನ ಬೋರ್ಡಿನಾಗೆ ನನ್ ಹೆಸರು ಇರ್ಬೇಕು ಕಣ್ರೀ ಲಕ್ಷ್ಮಣ್. ಇನ್ನೇನೂ ಬ್ಯಾಡ. ಒಂದ್ ಸಲ ಗೆಲ್ಬೇಕು."

ಮೂರನೇ ವರ್ಷ ಆಟಗಾರರ ಸಂಖ್ಯೆ ಅರ್ಧಕ್ಕಿಳಿದಿತ್ತು. ಕಂಪನಿಯ ಮ್ಯಾನೇಜರು ಮೊದಲ ದಿನವೇ ಎಲ್ಲರನ್ನೂ ಕೂರಿಸಿ, ಇದೇ ಕೊನೆ, ಮುಂದಿನ ವರ್ಷದಿಂದ ನಡೆಸುವುದಿಲ್ಲ ಎಂದರು. ನೋಡಲು ಜನ ಬರುವುದಿಲ್ಲ, ಪೇಪರಿನಲ್ಲಿ ಹಾಕುವುದಿಲ್ಲ, ಕಂಪನಿಗೆ ಏನು ಲಾಭ ಎಂಬುದು ಅವರ ಲೆಕ್ಕ. ಬೇರೆಯವರ ಹಾಗೇ ಆಂಜನಪ್ಪನವರೂ ತಲೆ ತಗ್ಗಿಸಿ ಕೈಗವಸು ಮಡಚುತ್ತಿದ್ದರು. ಅವರಿಗಾಗ ಐವತ್ತೆಂಟು.

ಮೊದಲೆರಡು ದಿನ ಅವರು ಆಡಿದ ಹಾಗೆ ನಾನು ಯಾರೂ ಆಡಿದ್ದು ನೋಡಿಲ್ಲ. ಕೊನೆಯ ದಿನಕ್ಕೆ ಅವರೂ ಕಲ್ಕತ್ತೆಯ ಆಟಗಾರರೊಬ್ಬರೂ ಸಮ ನಿಂತಿದ್ದರು.

ಹಿಂದಿನ ಸಂಜೆ ರೆಫರಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು. ಕೊಡಗಿನವರು, ಸೈನ್ಯದಲ್ಲಿ ಮೇಜರ್ ಆಗಿದ್ದವರು. "ಬೆಳಿಗ್ಗೆ ಆಟ ಶುರುವಾಗೋ ಮೊದ್ಲು ಎಷ್ಟು ಬೇಕಾದ್ರೂ ಇಬ್ಬನಿ ತೆಗೀರಿ. ಆಟಗಾರರು ಬಂದ್ಮೇಲೆ ಗ್ರೀನಿಗೆ ಕಾಲಿಡ್ಬೇಡಿ. ಚೆಂಡು ಹೋಗೋ ದಾರೀಲಿ ಇಬ್ಬನಿ ಒರೆಸೋದು ನಿಯಮಕ್ಕೆ ವಿರುದ್ಧ. ಆಟಗಾರ ಒರೆಸಿದ್ರೂ, ಒರೆಸೋಕೆ ಬಿಟ್ರೂ ಎರಡು ಹೊಡೆತ ದಂಡ. ಅರ್ಥ ಆಯ್ತಾ?"

ಆಯ್ತು ಎಂದೆವು. ಅವರು ಹೋದ ಮೇಲೆ ನಾನು ಪದ್ಮಯ್ಯನಿಗೂ ಉಳಿದವರಿಗೂ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಯಾರಾದರೂ ಗ್ರೀನಿಗೆ ಕಾಲಿಟ್ಟರೆ ಕಾಲು ಮುರೀತೀನಿ ಎಂದೆ. ಹೇಳಿದವನು ನಾನೇ.

ಮಾರನೇ ಬೆಳಿಗ್ಗೆ ಕಾವಳ. ಹತ್ತು ಮಾರು ಆಚೆ ಇದ್ದ ಸಿಲ್ವರ್ ಓಕ್ ಮರ ಕಾಣುತ್ತಿರಲಿಲ್ಲ. ಇಬ್ಬನಿ ತೆಗೆದಷ್ಟೂ ಮತ್ತೆ ಕೂರುತ್ತಿತ್ತು. ನಾನು ಎರಡನೇ ಗ್ರೀನಿಗೆ ಇನ್ನೊಮ್ಮೆ ಗಳ ಆಡಿಸಿ ಹೊರಬಂದು ಅಂಚಿನಲ್ಲಿ ನಿಂತಿದ್ದೆ. ಅಷ್ಟರಲ್ಲಿ ಅವರ ಜೋಡಿ ಬಂತು. ಕಲ್ಕತ್ತೆಯವರ ಚೆಂಡು ಗ್ರೀನು ದಾಟಿ ಕಾಫಿ ಗಿಡಗಳ ಬುಡಕ್ಕೆ ಹೋಗಿತ್ತು. ಅವರೂ ಅವರ ಕ್ಯಾಡಿಯೂ ಅದನ್ನು ಹುಡುಕುತ್ತಿದ್ದರು. ಆಂಜನಪ್ಪನವರ ಚೆಂಡು ಬಂಕರಿನಲ್ಲಿತ್ತು. ಅಲ್ಲಿಂದ ಅವರು ಎತ್ತಿದ ಚೆಂಡು ಮರಳಿನ ಜೊತೆ ಮೇಲೆದ್ದು, ಮೆತ್ತಗೆ ಇಳಿದು, ಗುಳಿಗೆ ಆರಡಿ ದೂರದಲ್ಲಿ ನಿಂತಿತು. ಅಂಥದ್ದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. ಅವರ ಕ್ಯಾಡಿ ಮರಳನ್ನು ಸಮ ಮಾಡಲು ಬಂಕರಿನಲ್ಲೇ ಉಳಿದ. ಅವರೊಬ್ಬರೇ ಗ್ರೀನಿಗೆ ನಡೆದು ಬಂದರು.

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಮಾಡುತ್ತಲೇ ಇರಲಿಲ್ಲ. ಇಷ್ಟು ದೊಡ್ಡ ಆಟಗಾರರು ಗ್ರೀನಿಗೆ ಬಂದರು ಎಂಬುದಷ್ಟೇ ತಲೆಯಲ್ಲಿತ್ತು. ಇಪ್ಪತ್ತು ವರ್ಷದ ಅಭ್ಯಾಸದಲ್ಲಿ ಕಾಲು ಮುಂದೆ ಹೋಯಿತು. ಅವರ ಚೆಂಡಿನಿಂದ ಗುಳಿಯವರೆಗೆ ಒಂದು ಸಲ ಗಳ ಆಡಿಸಿ, ತಲೆ ಬಾಗಿಸಿ, ಹಿಂದಕ್ಕೆ ಸರಿದು ನಿಂತೆ. ಹಸಿರಿನ ನಡುವೆ ದಾರಿ ಒಣಗಿ ಎದ್ದು ಕಾಣುತ್ತಿತ್ತು. ಅದನ್ನು ನೋಡಿದ ಮೇಲೆ ಮೇಜರ್ ಹೇಳಿದ್ದು ನೆನಪಾಯಿತು.

ಆಂಜನಪ್ಪನವರು ನನ್ನನ್ನೇ ನೋಡುತ್ತಿದ್ದರು. ಏನೂ ಹೇಳಲಿಲ್ಲ. ಬಗ್ಗಿ ದಾರಿ ನೋಡಿ ಚೆಂಡು ಉರುಳಿಸಿದರು. ನೇರ ಗುಳಿಗೆ ಬಿತ್ತು.

ಇದನ್ನು ಕಂಡವರು ನಾವಿಬ್ಬರೇ. ಆಟ ಮುಗಿಯುವವರೆಗೂ ನಾನು ಅವರ ಹಿಂದೆ ಗ್ರೀನಿನಿಂದ ಗ್ರೀನಿಗೆ ನಡೆದೆ. ಹೋಗಿ ಮೇಜರ್‌ಗೆ ಹೇಳಿಬಿಡಬೇಕು ಎಂದು ಹತ್ತು ಸಲ ಅನಿಸಿತು, ಹತ್ತು ಸಲವೂ ನಾಲಗೆ ತಡೆದೆ. ಹೇಳಿದರೆ ಅವರ ಗೆಲುವು ಹೋಗುತ್ತದೆ, ನನ್ನ ಕೆಲಸವೂ ಹೋಗಬಹುದು. ಯಾವುದಕ್ಕೆ ಹೆಚ್ಚು ಹೆದರಿದೆ ಎಂದು ಇವತ್ತು ಕೇಳಿದರೂ ಪ್ರಾಮಾಣಿಕವಾಗಿ ಹೇಳಲಾರೆ. ಅವರು ಕೆಟ್ಟದಾಗಿ ಆಡಲಿ, ಸೋತುಬಿಡಲಿ, ಇದು ಲೆಕ್ಕಕ್ಕೇ ಬಾರದಿರಲಿ ಎಂದೂ ಒಮ್ಮೆ ಬೇಡಿಕೊಂಡೆ. ಅಷ್ಟು ಸಣ್ಣವನಾಗಿದ್ದೆ.

ಮಧ್ಯಾಹ್ನದ ಹೊತ್ತಿಗೆ ಆಟ ಮುಗಿಯಿತು. ಆಂಜನಪ್ಪನವರು ಒಂದು ಹೊಡೆತದಿಂದ ಗೆದ್ದಿದ್ದರು. ಪದ್ಮಯ್ಯ ಟೋಪಿ ಎಸೆದು ಕುಣಿದ. ಅಡುಗೆಯವರೂ ಹೊರಗೆ ಬಂದು ಚಪ್ಪಾಳೆ ತಟ್ಟಿದರು. ಗೌಡರು ಅವರ ಹೆಗಲ ಮೇಲೆ ಕೈ ಹಾಕಿ ಮುಂಬಾಗಿಲ ವರಾಂಡಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮೇಜಿನ ಮುಂದೆ ಮೇಜರ್ ಕೂತಿದ್ದರು. ಆಟಗಾರರು ತಮ್ಮ ಹೊಡೆತಗಳನ್ನು ಬರೆದ ಕಾರ್ಡಿಗೆ ಸಹಿ ಹಾಕಿ ಕೊಡಬೇಕು. ಸಹಿ ಬಿದ್ದರೆ ಮುಗಿಯಿತು.

ಆಂಜನಪ್ಪನವರು ಪೆನ್ಸಿಲ್ ಹಿಡಿದು ಕೂತರು. ಸಹಿ ಹಾಕಲಿಲ್ಲ. ಮೊದಲು ಕಣ್ಣು ಕಾಣಿಸುತ್ತಿಲ್ಲವೇನೋ ಎಂದುಕೊಂಡು ಗೌಡರು ತಮ್ಮ ಕನ್ನಡಕವನ್ನೇ ತೆಗೆದುಕೊಟ್ಟರು. ಅವರು ಅದನ್ನು ಪಕ್ಕಕ್ಕಿಟ್ಟರು.

"ಮೇಜರ್ ಸಾಹೇಬ್ರೆ, ಎರಡನೇ ಗ್ರೀನಿನಾಗೆ ನನ್ ಲೈನಿನ ಇಬ್ಬನಿ ಒರೆಸಿದ್ರು."

ಮೇಜರ್ ಪೆನ್ನು ಕೆಳಗಿಟ್ಟರು. "ಯಾರು?"

ಅವರು ನನ್ನ ಹೆಸರು ಹೇಳಲಿಲ್ಲ. ಕಂಬದ ಹಿಂದೆ ನಿಂತಿದ್ದ ನಾನೇ ಮುಂದೆ ಬಂದೆ. "ನಾನು ಸಾರ್."

"ನಿನಗೆ ನಿನ್ನೆ ಹೇಳಿದ್ನಲ್ಲ?"

"ಹೇಳಿದ್ರಿ ಸಾರ್. ಅಭ್ಯಾಸ ಬಲದಿಂದ ಆಗೋಯ್ತು."

"ಇವ್ರು ಒರೆಸು ಅಂದ್ರಾ?"

"ಇಲ್ಲ ಸಾರ್. ದೇವರಾಣೆ ಇಲ್ಲ. ನಾನೇ ಹೋದೆ."

ಗೌಡರು ನಡುವೆ ಬಂದರು. "ಮೇಜರ್, ಅದು ನಮ್ಮ ಕ್ಲಬ್ಬಿನ ಪದ್ಧತಿ. ನಾವೇ ಕಲಿಸಿದ್ದು. ತಪ್ಪಿದ್ರೆ ನಮ್ಮದು, ಇವರದ್ದಲ್ಲ." ನನ್ನನ್ನು ಅಷ್ಟೊಂದು ಬೈಯುತ್ತಿದ್ದ ಮನುಷ್ಯ ಅವತ್ತು ನನ್ನ ಪರವಾಗಿಯೂ ನಿಂತಿದ್ದರು. ಅದನ್ನು ಮರೆಯಲಾರೆ.

ಮೇಜರ್‌ಗೂ ದಂಡ ಹಾಕಲು ಮನಸ್ಸಿರಲಿಲ್ಲವೆಂದು ಮುಖದಲ್ಲೇ ಕಾಣುತ್ತಿತ್ತು. "ನೋಡಿ ಆಂಜನಪ್ಪ, ನೀವು ಹೇಳಿ ಒರೆಸಿದ್ದಲ್ಲ ಅಂದ್ರೆ, ನಿಮಗೆ ಗೊತ್ತಾಗೋದ್ರೊಳಗೆ ಆಗಿಹೋಗಿದ್ರೆ, ದಂಡ ಇಲ್ಲ. ತಡೆಯೋಕೆ ನಿಮಗೆ ಸಮಯ ಇತ್ತಾ? ಅದೊಂದೇ ಪ್ರಶ್ನೆ."

ಇರಲಿಲ್ಲ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನಂತೂ ಹಾಗೇ ಸಾಕ್ಷಿ ಹೇಳುತ್ತಿದ್ದೆ.

"ಇತ್ತು ಸಾಹೇಬ್ರೆ. ಇವ್ರು ಅಂಚಿನಿಂದ ಹೊರಟಾಗ್ಲೇ ನೋಡ್ದೆ. ಬ್ಯಾಡ ಅನ್ನೋಕೆ ಬೇಕಾದಷ್ಟು ಟೈಮಿತ್ತು. ಅನ್ಲಿಲ್ಲ. ಬೆಳಿಗ್ಗೆಯಿಂದ ಹೇಳ್ಬೇಕು ಅಂತಿದ್ದೆ, ಬಾಯಿ ಬರ್ಲಿಲ್ಲ."

ತಾವೇ ಎರಡನೇ ಗುಳಿಯ ಮುಂದಿನ ಅಂಕಿಯನ್ನು ಹೊಡೆದುಹಾಕಿ, ಎರಡು ಕೂಡಿಸಿ ಬರೆದು, ಸಹಿ ಹಾಕಿ ಕೊಟ್ಟರು. ಒಂದು ಹೊಡೆತದ ಗೆಲುವು ಒಂದು ಹೊಡೆತದ ಸೋಲಾಯಿತು. ಕಲ್ಕತ್ತೆಯವರು ಬಹುಮಾನ ತೆಗೆದುಕೊಳ್ಳುವಾಗ ತಲೆ ಎತ್ತಲಿಲ್ಲ. ಬೋರ್ಡಿನಲ್ಲಿ ಅವರ ಹೆಸರು ಬಂತು. ಅದರ ಕೆಳಗೆ ಮತ್ತೆ ಯಾವ ಹೆಸರನ್ನೂ ಬರೆಯಲಿಲ್ಲ, ಆ ಟೂರ್ನಮೆಂಟು ಮತ್ತೆ ನಡೆಯಲೇ ಇಲ್ಲ.

ಸಂಜೆ ಆಂಜನಪ್ಪನವರು ಶೆಡ್ಡಿನ ಕಡೆ ಬಂದಿದ್ದರೆಂದು ಪದ್ಮಯ್ಯ ಹೇಳಿದ. ನಾನು ಮುಖ ತೋರಿಸಲಾರದೆ ಏಳನೇ ಗ್ರೀನಿನ ಹಿಂದಿನ ತೋಟದಲ್ಲಿ ಕೂತಿದ್ದೆ. ಅವರ ಬಸ್ಸು ಹೋಗುವವರೆಗೂ ಎದ್ದು ಬರಲಿಲ್ಲ. ನನ್ನನ್ನು ಕೆಲಸದಿಂದ ಯಾರೂ ತೆಗೆಯಲಿಲ್ಲ, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಗೌಡರು ಸ್ನೇಹಿತರೊಂದಿಗೆ ಆಡಲು ಬಂದರು. ಮೊದಲ ಗ್ರೀನಿನಲ್ಲಿ ಚೆಂಡಿನ ಪಕ್ಕ ನಿಂತು ಕಾದರು. ನಾನು ಅಂಚಿನಿಂದ ಕದಲಲಿಲ್ಲ.

"ಎಂತ ಲಕ್ಷ್ಮಣ, ಗಳ ಇಲ್ವಾ?"

"ಬೆಳಿಗ್ಗೆ ಎಲ್ಲಾ ಗ್ರೀನಿಗೂ ಆಡಿಸಿದೀನಿ ಸಾರ್. ಆಟ ಶುರುವಾದ್ಮೇಲೆ ಇನ್ನು ಯಾರ ದಾರೀನೂ ಒರೆಸಲ್ಲ."

"ನಂದೂ?"

"ನಿಮ್ದೂ ಸಾರ್."

ಜೊತೆಗಿದ್ದವರು ಬೇರೆ ಕಡೆ ನೋಡಿದರು. ಅಷ್ಟು ವರ್ಷದಲ್ಲಿ ಗೌಡರಿಗೆ ನಾನು ಇಲ್ಲ ಎಂದದ್ದು ಅದೇ ಮೊದಲು. ಅವರು ನನ್ನ ಮುಖವನ್ನೇ ನೋಡಿ, "ಆಯ್ತು ಮಾರಾಯ" ಎಂದು ಚೆಂಡು ತಳ್ಳಿದರು. ಅದು ನೀರು ಚಿಮ್ಮಿಸುತ್ತಾ ಹೋಗಿ ಎರಡಡಿ ಹಿಂದೆಯೇ ನಿಂತಿತು. ಇನ್ನೊಂದು ಹೊಡೆತ ಹೊಡೆದು, ಅದನ್ನೂ ಸೇರಿಸಿ ಬರೆದುಕೊಂಡರು. ಅಂದಿನಿಂದ ನಮ್ಮ ಮೈದಾನದಲ್ಲಿ ಆ ಪದ್ಧತಿ ನಿಂತಿತು. ಈಗ ಸೇರುವವರಿಗೆ ಇಂಥದ್ದೊಂದು ಇತ್ತೆಂದೇ ಗೊತ್ತಿಲ್ಲ.

ನಾಲ್ಕು ವರ್ಷದ ನಂತರ ಹುಲ್ಲು ಕತ್ತರಿಸುವ ಹೊಸ ಮಿಷನ್ ನೋಡಿಕೊಂಡು ಬರಲು ಕ್ಲಬ್ಬಿನವರು ನನ್ನನ್ನು ಬೆಂಗಳೂರಿಗೆ ಕಳಿಸಿದರು. ಆಂಜನಪ್ಪನವರು ನಗರದ ಹೊರಗೆ ಒಂದು ಅಭ್ಯಾಸದ ಮೈದಾನದಲ್ಲಿ ಆಟ ಕಲಿಸುತ್ತಾರೆಂದು ಕೇಳಿದ್ದೆ. ವಿಳಾಸ ಹುಡುಕಿಕೊಂಡು ಹೋದೆ. ಬಸ್ಸಿನಲ್ಲಿ ಇಡೀ ದಾರಿ ಹೇಳಬೇಕಾದದ್ದನ್ನು ಜೋಡಿಸಿಕೊಂಡಿದ್ದೆ. ಅವರನ್ನು ಕಂಡಾಗ ಎಲ್ಲ ಮರೆತುಹೋಯಿತು. ಇನ್ನೂ ಸಣ್ಣಗಾಗಿದ್ದರು. ಬಿಸಿಲಿಗೆ ಟವೆಲು ತಲೆಗೆ ಸುತ್ತಿಕೊಂಡು ಮಧ್ಯವಯಸ್ಸಿನ ಹೆಂಗಸೊಬ್ಬರಿಗೆ ಕೋಲು ಹಿಡಿಯುವುದನ್ನು ತೋರಿಸುತ್ತಿದ್ದರು. ನನ್ನನ್ನು ನೋಡಿ ಎರಡೂ ಕೈ ಚಾಚಿಕೊಂಡು ಬಂದರು.

"ಲಕ್ಷ್ಮಣ್! ಆವತ್ತು ಎಲ್ಲಿ ಹೋದ್ರಿ? ಶೆಡ್ಡಿನ ತಾವ ಹುಡುಕಿದೆ ನಿಮ್ಮನ್ನ."

"ನನ್ನಿಂದ ನಿಮ್ಮ ಗೆಲುವು ಹೋಯ್ತು. ಕ್ಷಮಿಸಿ ಅನ್ನೋಕೆ ಬಂದೆ" ಎಂದೆ.

ಅವರು ನನ್ನನ್ನು ಬೆಂಚಿನ ಮೇಲೆ ಕೂರಿಸಿ ಪಕ್ಕದಲ್ಲಿ ಕೂತರು. ಆಮೇಲೆ ಹೇಳಿದರು:

"ಹತ್ತು ವರ್ಷದೋನಿದ್ದಾಗಿಂದ ಬ್ಯಾರೆಯವ್ರ ಚೆಂಡು ಒರೆಸಿದೋನು ನಾನು. ಆವತ್ತು ನೀವು ಗಳ ಹಿಡ್ಕೊಂಡು ಬಂದ್ರಲ್ಲ, ನನ್ ಹಿಂದೆ ಯಾರೋ ಸಾಹೇಬ್ರು ಬಂದವ್ರೆ ಅಂದ್ಕೊಂಡೆ. ತಿರುಗಿ ನೋಡ್ದೆ. ಯಾರೂ ಇರ್ಲಿಲ್ಲ. ಆಮೇಲೆ ಗೊತ್ತಾಯ್ತು, ನನಗೇ ಅಂತ. ಬ್ಯಾಡ ಅನ್ನೋಕೆ ಮನಸ್ಸೇ ಬರ್ಲಿಲ್ಲ ಲಕ್ಷ್ಮಣ್."

ನಾನು ಅವರ ಕೈ ಹಿಡಿದುಕೊಂಡೆ. ಆ ಹೆಂಗಸು ದೂರದಿಂದ ಕರೆದರು. ಆಂಜನಪ್ಪನವರು ಎದ್ದು, ನನ್ನ ಬೆನ್ನು ತಟ್ಟಿ, ಮತ್ತೆ ಕಲಿಸಲು ಹೋದರು. ನಾನು ಗೇಟಿನವರೆಗೆ ನಡೆದುಬಂದು ರಸ್ತೆಬದಿಯ ಕಟ್ಟೆಯ ಮೇಲೆ ಕೂತು ಅತ್ತೆ.